ಹಿಟ್ಟಿಲ್ಲದ ಸೊಪ್ಪು

ನಮ್ಮ ಕಡೆ ರಾಗಿಮುದ್ದೆಗೆ ಹಿಟ್ಟು ಅನ್ನುತ್ತೇವೆ. ದಾರಿಯಲ್ಲಿ ಎದುರಾದವರು "ಇಟ್ಟುಂಡ್ರಾ?" ಎಂದು ಕೇಳಿದರೆ ಊಟವಾಯಿತಾ ಎಂದು ಅರ್ಥ. ಅನ್ನ ತಿಂದಿರಲಿ, ಮಾಂಸ ತಿಂದಿರಲಿ, ಹಿಟ್ಟು ಉಣ್ಣದ ದಿನ ನಮ್ಮವರು "ಇನ್ನೂ ಉಂಡಿಲ್ಲ" ಎಂದೇ ಹೇಳುತ್ತಿದ್ದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇದು ಗೊತ್ತಿಲ್ಲದವರಿಗೆ ನಾನು ಮಾಡಿದ ತಪ್ಪು ಬರೀ ಹುಚ್ಚುತನದಂತೆ ಕಾಣುತ್ತದೆ.

ನಮ್ಮಪ್ಪ ಹಿಟ್ಟು ಉಣ್ಣುವುದನ್ನು ನೀವು ನೋಡಬೇಕಿತ್ತು. ಮೂರು ಬೆರಳಲ್ಲಿ ಮುರಿದು, ಸಾರಿನಲ್ಲಿ ಹೊರಳಿಸಿ ಬಾಯಿಗೆ ಹಾಕಿಕೊಂಡರೆ ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗೆ ಬರುತ್ತಿತ್ತು, ಅಷ್ಟೆ. ಕೆನ್ನೆ ಅಲ್ಲಾಡುತ್ತಿರಲಿಲ್ಲ. ಮೈಸೂರಿನ ನೆಂಟನೊಬ್ಬ ಒಂದು ಸಲ ನಮ್ಮ ಮನೆಯಲ್ಲಿ ಮುದ್ದೆ ಅಗಿಯುತ್ತ ಕೂತಿದ್ದಾಗ ಅಪ್ಪ, "ಹಲ್ಲಿಗ್ಯಾಕಪ್ಪ ಕೆಲ್ಸ ಕೊಡ್ತೀಯ? ಬುಡು, ಇಳಿಯೋ ದಾರಿ ಅದ್ಕೇ ಗೊತ್ತು" ಎಂದಿದ್ದ. ಅಪ್ಪನನ್ನು 'ಅವನು' ಎಂದು ಬರೆಯುತ್ತಿದ್ದೇನಲ್ಲ ಎಂದು ಯಾರೂ ಹುಬ್ಬು ಹಾರಿಸಬೇಡಿ. ನಾನು ಅವನನ್ನು ಬದುಕಿದ್ದಾಗ ಕರೆದದ್ದು ಹಾಗೇ. ಈ ವಯಸ್ಸಿನಲ್ಲಿ ಹೊಸ ಮರ್ಯಾದೆ ಕಲಿಯಲಾರೆ.

ಬಾಬುರಾಯನಕೊಪ್ಪಲಿನಿಂದ ಹಿರೋಡೆಯ ಕಡೆಗೆ ಹೋಗುವ ದಾರಿಯಲ್ಲಿ ಒಳಗೆ ಎರಡು ಮೈಲಿ ನಡೆದರೆ ನಮ್ಮೂರು. ಈಗ ಪಾಂಡವಪುರ ಅನ್ನುವ ಊರೇ ಹಿರೋಡೆ. ಸರ್ಕಾರದ ಕಾಗದದಲ್ಲಿ ಆಗ ಅದು ಫ್ರೆಂಚ್ ರಾಕ್ಸ್. ರೈಲಿನ ಸ್ಟೇಷನ್ನಿನಲ್ಲೂ ಹಾಗೇ ಬರೆದಿತ್ತು. ನಾನು ಹುಟ್ಟಿದಾಗ ಊರಿನ ಮುಕ್ಕಾಲು ಹೊಲ ಮಳೆ ನೋಡಿಕೊಂಡು ಬೆಳೆಯುವ ರಾಗಿ ಹೊಲವೇ. ಕನ್ನಂಬಾಡಿ ಕಟ್ಟೆಯ ಕಾಲುವೆ ಬರುತ್ತದೆ, ಬರುತ್ತದೆ ಎಂದು ಹೇಳುತ್ತಿದ್ದವರು ಹೇಳುತ್ತಲೇ ಇದ್ದರು. ನನಗೆ ಒಂಬತ್ತು ವರ್ಷವಿದ್ದಾಗ ಅವ್ವ ತೀರಿಕೊಂಡಳು. ಆಮೇಲೆ ಮನೆಯಲ್ಲಿ ಮೂರೇ ಜನ: ಅಪ್ಪ, ಅಪ್ಪನನ್ನು ಹೆತ್ತ ಅಜ್ಜಿ, ನಾನು. ಅಪ್ಪ ಇನ್ನೊಂದು ಮದುವೆ ಆಗಲಿಲ್ಲ. ಕೇಳಿದವರಿಗೆ, "ನನ್ ಮಗ್ಳು ಬಾಯಿ ಜೋರು. ಬಂದೋಳು ಓಡೋಗ್ತಾಳೆ" ಎನ್ನುತ್ತಿದ್ದ. ನನ್ನ ಬಾಯಿ ಜೋರು ಎನ್ನುವುದೇನೋ ನಿಜ.

ನನಗೆ ಹದಿನಾಲ್ಕೋ ಹದಿನೈದೋ ತುಂಬಿದ ವರ್ಷ ಅಪ್ಪ ನೀರು ಕುಡಿಯುವುದು ಹೆಚ್ಚಾಯಿತು. ಹೊಲಕ್ಕೆ ಒಯ್ದ ಮಡಕೆ ನೀರು ಉಳುಮೆ ಮುಗಿಯುವ ಮೊದಲೇ ಖಾಲಿ. ಹಿತ್ತಲ ಬೇಲಿಯ ಬಳಿ ಅವನು ಕೂತೆದ್ದ ಕಡೆ ಇರುವೆ ಸಾಲು ಕಟ್ಟುತ್ತಿತ್ತು. ಅಜ್ಜಿ ಅಲ್ಲಿಗೆ ಬೂದಿ ಎರಚಿ ಸುಮ್ಮನಾದಳು. ಅಷ್ಟರಲ್ಲಿ ಕುಯ್ದ ರಾಗಿಯ ಕೂಳೆ ಅವನ ಬಲಗಾಲಿನ ಹೆಬ್ಬೆರಳ ಬುಡಕ್ಕೆ ಚುಚ್ಚಿತು. ಎಷ್ಟು ದಿನವಾದರೂ ಮಾಯಲಿಲ್ಲ. ಅಡಿಕೆ ಹೋಗುವಷ್ಟು ತೂತು ಬಿತ್ತು. "ನೋವೇ ಇಲ್ಲ ಕಣವ್ವ, ವಾಸಿ ಆಯ್ತಾ ಅದೆ" ಎಂದು ಅಪ್ಪ ಸಮಾಧಾನ ಹೇಳುತ್ತಿದ್ದ. ನೋವಿಲ್ಲದಿರುವುದೇ ಕೆಟ್ಟ ಗುರುತು ಎಂದು ನಮಗೆ ತಿಳಿಹೇಳುವವರು ಊರಲ್ಲಿ ಯಾರಿದ್ದರು?

ವಾಸನೆ ಶುರುವಾದ ಮೇಲೆ ನಾನೇ ಗಾಡಿ ಕಟ್ಟಿಸಿ ಅವನನ್ನು ಪಟ್ಟಣಕ್ಕೆ ಕರೆದುಕೊಂಡು ಹೋದೆ. ಪಟ್ಟಣ ಎಂದರೆ ನಮಗೆ ಶ್ರೀರಂಗಪಟ್ಟಣ. ಅಲ್ಲಿ ಕೋಟೆಯೊಳಗೆ ಒಬ್ಬ ವಯಸ್ಸಾದ ಡಾಕ್ಟರಿದ್ದರು. ಕರಿಕೋಟು, ಜರಿಪೇಟ, ಮೆಲ್ಲನೆಯ ಮಾತು. ಅಪ್ಪನ ಮೂತ್ರ ತರಿಸಿಕೊಂಡು, ಗಾಜಿನ ಕೊಳವೆಯಲ್ಲಿದ್ದ ಮೈಲುತುತ್ತದ ಬಣ್ಣದ ನೀರಿಗೆ ನಾಲ್ಕು ತೊಟ್ಟು ಬಿಟ್ಟು ದೀಪದ ಮೇಲೆ ಕಾಯಿಸಿದರು. ನೀಲಿ ನೀರು ನೋಡುತ್ತಿದ್ದಂತೆ ಹಸಿರಾಯಿತು, ಹಳದಿಯಾಯಿತು, ಕೊನೆಗೆ ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ತಿರುಗಿ ನಿಂತಿತು.

"ಸಿಹಿಮೂತ್ರ" ಎಂದರು ಡಾಕ್ಟರು. "ನೀಲಿ ನೀಲಿಯಾಗೇ ಉಳಿದರೆ ಒಳ್ಳೆಯದು. ಇಟ್ಟಿಗೆ ಬಣ್ಣ ಬಂದರೆ ಮೈಯೆಲ್ಲ ಸಕ್ಕರೆ ಅಂತ ತಿಳೀರಿ. ಸಕ್ಕರೆ ಇಳಿಯದೆ ಈ ಗಾಯ ಒಣಗೋದಿಲ್ಲ. ಒಣಗದಿದ್ದರೆ ಮೈಸೂರಿಗೆ ಕಳಿಸಬೇಕು. ಅಲ್ಲಿ ಕಾಲು ತೆಗೀತಾರೆ."

ಅಪ್ಪ ತನ್ನ ಕಾಲನ್ನು ಪಂಚೆಯೊಳಗೆ ಎಳೆದುಕೊಂಡ. ಡಾಕ್ಟರು ನನ್ನ ಕಡೆ ತಿರುಗಿ ಪಥ್ಯ ಹೇಳಿದರು. ಬೆಲ್ಲ ಬೇಡ, ಅನ್ನ ಬೇಡ. ಸೊಪ್ಪು ಹೊಟ್ಟೆ ತುಂಬ ತಿನ್ನಲಿ. ಮಿಕ್ಕಿದ್ದೆಲ್ಲ ಕಮ್ಮಿ. ಸೂಜಿಮದ್ದು ಅಂತ ಒಂದು ಬಂದಿದೆ, ಆದರೆ ದಿನಾ ಚುಚ್ಚಬೇಕು, ನಿಮ್ಮೂರಲ್ಲಿ ಚುಚ್ಚುವವರು ಯಾರಿದ್ದಾರೆ ಎಂದರು. ನಾನು ಸೊಪ್ಪು ಅನ್ನುವ ಮಾತು ಹಿಡಿದುಕೊಂಡೆ. ಸೊಪ್ಪಿಗೇನು ಬರ ನಮ್ಮೂರಲ್ಲಿ? ಅಪ್ಪನ ಕಾಲು ಉಳಿಸುವುದು ನನ್ನ ಕೈಯಲ್ಲೇ ಇದೆ ಎಂದು ಗಾಡಿಯಲ್ಲಿ ಕೂತು ಎದೆಯುಬ್ಬಿಸಿಕೊಂಡು ಬಂದೆ.

ಮಾರನೆಯ ದಿನದಿಂದ ಅಜ್ಜಿಯೂ ನಾನೂ ಹೊಲ ಸುತ್ತತೊಡಗಿದೆವು. ಬೆರಕೆ ಸೊಪ್ಪು ಎಂದರೆ ಒಂದೇ ಗಿಡದ ಸೊಪ್ಪಲ್ಲ. ಹೊಲದಲ್ಲಿ, ಬದುವಿನಲ್ಲಿ, ಬೇಲಿಯಲ್ಲಿ ಯಾರೂ ಬಿತ್ತದೆ ತಾನಾಗಿ ಹುಟ್ಟಿದ್ದನ್ನೆಲ್ಲ ಒಂದೊಂದು ಹಿಡಿ ಸೇರಿಸಿದರೆ ಅದು ಬೆರಕೆ. ರಾಗಿ ಕೂಳೆಯ ನಡುವೆ ಅಣ್ಣೆಸೊಪ್ಪು, ನೀರು ನಿಂತ ಕಡೆ ಹೊನಗೊನೆ, ಹಳೇ ಗೋಡೆಯ ಬುಡದಲ್ಲಿ ಗಣಿಕೆ, ನೆರಳಿರುವಲ್ಲಿ ಕನ್ನೆಸೊಪ್ಪು. ಅಜ್ಜಿಗೆ ಕಣ್ಣು ಮಂಜು. ಆದರೂ ಕೈಯಾಡಿಸಿ, ಎಲೆ ಹಿಸುಕಿ ಮೂಸಿ, ಇದು ಇದೇ ಎನ್ನುತ್ತಿದ್ದಳು. ಬೇರು ಕಿತ್ತರೆ ನನ್ನ ಕೈಗೆ ಪಟ್ಟೆಂದು ಹೊಡೆಯುತ್ತಿದ್ದಳು. "ಕುಡಿ ಚಿವುಟೇ. ನಾಳೀಕೆ ಅದೂ ಬದುಕ್ಬೇಕು, ನಾವೂ ತಿನ್ಬೇಕು." ಸೆರಗು ಸೊಂಟಕ್ಕೆ ಕಟ್ಟಿ ಮಡಿಲು ಮಾಡಿಕೊಂಡು ತುಂಬುತ್ತಿದ್ದೆವು. ಇಬ್ಬನಿಗೆ ಹೊಟ್ಟೆಯ ಮೇಲಿನ ಸೀರೆಯೆಲ್ಲ ನೆನೆದು ತಣ್ಣಗಾಗುತ್ತಿತ್ತು. ಆ ಹೊಲಗಳಿಗೆ ಆಮೇಲೆ ಕಾಲುವೆ ನೀರು ಬಂತು, ಭತ್ತ ಬಂತು, ಕಬ್ಬು ಬಂತು. ಊರು ಚೆನ್ನಾಯಿತು, ಇಲ್ಲ ಎನ್ನುವುದಿಲ್ಲ. ಆದರೆ ಈಗ ಅಲ್ಲಿ ಹೋಗಿ ನಿಂತರೆ ಅಣ್ಣೆಸೊಪ್ಪಿನ ಒಂದು ಗಿಡ ಕಾಣುವುದಿಲ್ಲ.

ಅಡುಗೆಯಲ್ಲಿ ನಾನು ನಿಸ್ಸೀಮಳಾದೆ. ಒಂದು ದಿನ ಸೊಪ್ಪು, ಕಾಳು ಬೇಯಿಸಿ ನೀರು ಬಸಿದು ಬಸ್ಸಾರು. ಒಂದು ದಿನ ಬೇಳೆ ಜೊತೆ ಬೇಯಿಸಿ ಮಸೆದು ಮಸ್ಸೊಪ್ಪು. ಒಂದು ದಿನ ಉಪ್ಪುಸಾರು, ಅದಕ್ಕೆ ಬೆಳ್ಳುಳ್ಳಿ, ಒಣಮೆಣಸಿನಕಾಯಿ ಅರೆದ ಖಾರ. ಅಪ್ಪ ಬಾಯಿ ಚಪ್ಪರಿಸಿ ಉಣ್ಣುತ್ತಿದ್ದ. ಸೊಪ್ಪು ಹೆಚ್ಚು ಬಡಿಸಿದಂತೆ ಹಿಟ್ಟೂ ಹೆಚ್ಚು ಬೇಕಲ್ಲ. ಮೊದಲು ಹೊತ್ತಿಗೊಂದು ಮುದ್ದೆ ಉಣ್ಣುತ್ತಿದ್ದವನು ಎರಡಕ್ಕೆ ಬಂದ. ಸಾರು ಇನ್ನೂ ಉಳಿದಿದ್ದರೆ ಮೂರನೆಯದನ್ನು ನಾನೇ ಮುರಿದು ಅರ್ಧ ಹಾಕುತ್ತಿದ್ದೆ. "ಯಂಗೆ ಉಣ್ತಾನೆ ನೋಡು ನನ್ ಮಗ" ಎಂದು ಅಜ್ಜಿ ದೃಷ್ಟಿ ತೆಗೆಯುತ್ತಿದ್ದಳು. ಇಷ್ಟು ಉಣ್ಣುವವನಿಗೆ ಕಾಯಿಲೆ ಇದ್ದೀತೇ ಎಂದು ನಮಗಿಬ್ಬರಿಗೂ ಧೈರ್ಯ.

ಒಂದು ತಿಂಗಳು ಕಳೆದು ಮತ್ತೆ ಗಾಡಿ ಕಟ್ಟಿದೆವು. ಕೊಳವೆಯ ನೀರು ಈ ಸಲ ಇಟ್ಟಿಗೆ ಬಣ್ಣಕ್ಕೆ ತಿರುಗಲು ಮೊದಲಿನಷ್ಟು ಹೊತ್ತೂ ತೆಗೆದುಕೊಳ್ಳಲಿಲ್ಲ. ಗಾಯಕ್ಕೆ ಸಲಾಕೆ ಇಳಿಸಿದ ಡಾಕ್ಟರು ಮುಖ ಗಂಟಿಕ್ಕಿದರು.

"ಸೊಪ್ಪು ತಿನ್ನಿಸಿದೆಯಾ ಇಲ್ಲವೇನಮ್ಮ?"

"ಎರಡೊತ್ತೂ ಸೊಪ್ಪೇ ಸ್ವಾಮಿ. ದಿನಾ ಒಂದ್ ಮಂಕರಿ. ಬೆಲ್ಲ ಬುಡಿಸ್ದೆ, ಅನ್ನ ಬುಡಿಸ್ದೆ."

"ಸೊಪ್ಪನ್ನ ಯಾವುದರ ಜೊತೆ ತಿಂತಾರೆ?"

ಈ ಪ್ರಶ್ನೆಯೇ ನನಗೆ ಅರ್ಥವಾಗಲಿಲ್ಲ. "ಇಟ್ಟಿನ ಜೊತೇಲಿ" ಎಂದೆ.

"ಎಷ್ಟು?"

"ಎರಡು. ಒಂದೊಂದ್ ದಿನ ಎರಡೂವರೆ. ಸೊಪ್ ಜಾಸ್ತಿ ತಿನ್ಬೇಕಾದ್ರೆ ಇಟ್ಟೂ ಜಾಸ್ತಿ ಬೇಕಲ್ಲ ಸ್ವಾಮಿ?"

ಡಾಕ್ಟರು ಕುರ್ಚಿಗೆ ಒರಗಿದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಮಿಕ್ಕಿದ್ದು ಕಮ್ಮಿ ಎಂದಿದ್ದೆನಲ್ಲಮ್ಮ, ರಾಗಿಯೂ ಹೊಟ್ಟೆಗೆ ಹೋದ ಮೇಲೆ ಸಕ್ಕರೆಯೇ ಆಗುವುದು ಎಂದು ಬಿಡಿಸಿ ಹೇಳಿದರು. ಮಿಕ್ಕಿದ್ದು ಎನ್ನುವುದರಲ್ಲಿ ಹಿಟ್ಟು ಸೇರುತ್ತದೆ ಎಂದು ನಮಗೆ ಹೊಳೆದೇ ಇರಲಿಲ್ಲ. ಹಿಟ್ಟು ಊಟ, ಮಿಕ್ಕಿದ್ದೆಲ್ಲ ಅದಕ್ಕೆ ನಂಚಿಕೊಳ್ಳುವುದು. ನಮ್ಮ ಲೆಕ್ಕ ಅದು. ಹೊತ್ತಿಗೆ ಒಂದು ನಿಂಬೆಹಣ್ಣಿನ ಗಾತ್ರ ಹಿಟ್ಟು, ಹೊಟ್ಟೆ ತುಂಬ ಬರೀ ಸೊಪ್ಪು, ಮೇಲೆ ಮಜ್ಜಿಗೆ ಎಂದು ಗೊತ್ತುಮಾಡಿದರು. "ಎರಡು ತಿಂಗಳು ನೋಡೋಣ. ಆಮೇಲೆ ನನ್ನ ಕೈಯಲ್ಲಿಲ್ಲ" ಎಂದರು. ನಾನು ಆಸೆಯಿಂದ ಬಡಿಸಿದ ಒಂದೊಂದು ತುತ್ತೂ ಆ ತೂತನ್ನು ಅಗೆಯುತ್ತಿತ್ತು ಎಂದು ತಿಳಿದು ಗಾಡಿಯಲ್ಲಿ ದಾರಿಯುದ್ದಕ್ಕೂ ಅತ್ತೆ. ಅಪ್ಪ ಎತ್ತುಗಳ ಜೊತೆ ಏನೇನೋ ಮಾತಾಡುತ್ತ, ನನ್ನ ಕಡೆ ತಿರುಗದೆ ಗಾಡಿ ಹೊಡೆದ.

ಆ ಸಂಜೆ ಅವನ ಮುಂದೆ ಬೋಗುಣಿ ತುಂಬ ಸೊಪ್ಪಿನ ಪಲ್ಯ ಇಟ್ಟೆ. ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ಹಿಟ್ಟು. ಅಪ್ಪ ಅದನ್ನೂ ನೋಡಿದ, ನನ್ನನ್ನೂ ನೋಡಿದ.

"ಇದ್ರಲ್ಲಿ ಮೊದ್ಲು ಯಾವ್ದು ತಿನ್ನಾದವ್ವ?"

ಅಜ್ಜಿಗೆ ತಡೆಯಲಾಗಲಿಲ್ಲ. "ಬರೀ ಸೊಪ್ಪು ದನ ತಿಂತದೆ ಕಣೇ. ಗೇಯೋ ಗಂಡ್ಸು ತಿಂತಾನಾ? ನನ್ ಮಗನ್ ಮುಂದೆ ಇಂಗೆ ಮೇವು ಆಕೀಯಾ?"

ಅಪ್ಪ ಆ ಗೋಲಿಯನ್ನು ನುಂಗಿ, ನಾಲ್ಕು ಎಳೆ ಸೊಪ್ಪು ನಂಚಿಕೊಂಡು ಎದ್ದುಬಿಟ್ಟ. ಮಾರನೆಯ ದಿನವೂ ಅಷ್ಟೆ. ಮೂರನೆಯ ದಿನ ನನಗೆ ಸಿಟ್ಟು ನೆತ್ತಿಗೇರಿತು. ನನ್ನ ತಣಿಗೆಯನ್ನೂ ತಂದು ಅವನೆದುರು ಕೂತೆ. "ನೀನು ತಿನ್ನೋಗಂಟ ನಾನೂ ಇಟ್ಟುಣ್ಣಾಕಿಲ್ಲ. ನಾನೂ ದನವೇ" ಎಂದು ಬರೀ ಸೊಪ್ಪು ತುಂಬಿಕೊಂಡು ಅಗಿಯತೊಡಗಿದೆ. ಗಂಟಲಲ್ಲಿ ಇಳಿಯಲೊಲ್ಲದು. ಕಣ್ಣಲ್ಲಿ ನೀರು, ಬಾಯಲ್ಲಿ ಸೊಪ್ಪು. ಅಪ್ಪ ಸ್ವಲ್ಪ ಹೊತ್ತು ನೋಡಿ, ಎದ್ದು ಹೋಗಿ ಬೀದಿಬಾಗಿಲ ಅಗುಳಿ ಹಾಕಿ ಬಂದು ಕೂತ.

"ಕೊಡು ಇಲ್ಲಿ. ಯಾರ್ಗೂ ಏಳ್ಬ್ಯಾಡ."

ಐವತ್ತು ದಾಟಿದ ಮೇಲೆ ನಮ್ಮಪ್ಪ ಅಗಿಯುವುದನ್ನು ಕಲಿತ. ಸೊಪ್ಪು ನುಂಗಿದರೆ ಇಳಿಯುವುದಿಲ್ಲವಲ್ಲ. ಮೊದಮೊದಲು ದವಡೆ ನೋಯುತ್ತದೆ ಎಂದು ಕೆನ್ನೆ ತಿಕ್ಕಿಕೊಳ್ಳುತ್ತಿದ್ದ. ಒಂದು ಬೋಗುಣಿ ಮುಗಿಯಲು ಹೊಲಕ್ಕೆ ಹೋಗಿಬರುವಷ್ಟು ಹೊತ್ತು. ಊಟದ ಹೊತ್ತಿನಲ್ಲಿ ಯಾರಾದರೂ ಬಂದು ಬಾಗಿಲು ಬಡಿದರೆ ಬೋಗುಣಿಯ ಮೇಲೆ ಮುತ್ತುಗದ ಎಲೆ ಮುಚ್ಚಿ, ಬಾಯೊರೆಸಿಕೊಂಡು ಏನೂ ಆಗದವನಂತೆ ಕೂರುತ್ತಿದ್ದ. ನನಗೆ ನಗು. ಆದರೂ ಬಾಗಿಲು ತೆಗೆಯಲು ತಡ ಮಾಡುತ್ತಿದ್ದೆ. ಹಸಿವೆಗೆ ಅವನು ಒದ್ದಾಡಿದ್ದನ್ನು ಮರೆಯಲಾರೆ. ಮಧ್ಯಾಹ್ನದ ಹೊತ್ತು ರಾಗಿ ಕಣಜದ ಪಕ್ಕ ಹೋಗಿ ಸುಮ್ಮನೆ ನಿಂತಿರುತ್ತಿದ್ದ. ನಾನು ನೋಡಿಬಿಟ್ಟರೆ, "ಇಲಿ ಬಿದ್ದದೇನೋ ಅಂತ ನೋಡ್ತಿದ್ದೆ" ಎನ್ನುತ್ತಿದ್ದ. ಆ ಭುಜ, ಆ ತೋಳು ಎಲ್ಲ ಇಳಿದುಹೋದವು. ಆದರೂ ಕೇಳಲಿಲ್ಲ, ಕದಿಯಲಿಲ್ಲ. ನನ್ನ ಕೈಯಲ್ಲಿ ಕಾಲನ್ನು ಕೊಟ್ಟು ಕೂತಿದ್ದ.

ಹದಿನೈದು ದಿನಕ್ಕೊಮ್ಮೆ ಅಪ್ಪನ ಮೂತ್ರದ ಶೀಸೆ ಹಿಡಿದುಕೊಂಡು ಪಟ್ಟಣಕ್ಕೆ ಹೋಗುತ್ತಿದ್ದೆ. ಇಟ್ಟಿಗೆ ಬಣ್ಣ ಹೋಗಿ ಹಳದಿ ಬಂತು. ಹಳದಿ ಹೋಗಿ, ಒಂದು ದಿನ ಕೊಳವೆಯಲ್ಲಿ ಗರಿಕೆಯ ಬಣ್ಣ ನಿಂತಿತು. ಡಾಕ್ಟರು ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನನಗೂ ತೋರಿಸಿದರು. ಗಾಯದ ಅಂಚು ಕೆಂಪಾಗಿ, ಬುಡದಿಂದ ಮಾಂಸ ತುಂಬಿಕೊಂಡು ಬಂತು. ಎರಡು ತಿಂಗಳು ಎಂದದ್ದು ನಾಲ್ಕಾಯಿತು. ಕೊನೆಗೆ ಪಟ್ಟಿ ಬಿಚ್ಚಿದ ದಿನ ಅಪ್ಪ ಪಟ್ಟಣದಿಂದ ನಡೆದೇ ಬರುತ್ತೇನೆಂದು ಹಟ ಹಿಡಿದ. ನಾನು ಖಾಲಿ ಗಾಡಿಯಲ್ಲಿ ಕೂತೆ, ಅವನು ಎತ್ತು ಹೊಡೆಯುತ್ತ ಪಕ್ಕದಲ್ಲಿ ನಡೆದ. ಊರು ಬರುವವರೆಗೂ ಇಬ್ಬರೂ ಸುಮ್ಮಸುಮ್ಮನೆ ನಗುತ್ತಿದ್ದೆವು. ನನ್ನ ಬದುಕಿನಲ್ಲಿ ಅಷ್ಟು ಸಂತೋಷ ಇನ್ನೊಂದು ದಿನ ಆದದ್ದು ನೆನಪಿಲ್ಲ. ಮಕ್ಕಳಾದಾಗಲೂ ಆಗಲಿಲ್ಲ, ಸುಳ್ಳೇಕೆ ಹೇಳಲಿ.

ಮುಂದಿನ ವರ್ಷ ನನ್ನ ಮದುವೆ. ನಾಗಮಂಗಲ ದಾಟಿ, ಬೆಳ್ಳೂರಿನ ಬಳಿಯ ಹಳ್ಳಿ. ದೊಡ್ಡ ಮನೆ, ಹದಿನೆಂಟು ಜನ, ನಾಲ್ಕು ಜೊತೆ ಎತ್ತು. ಅಪ್ಪನ ಕಾಯಿಲೆಯ ಮಾತನ್ನು ಅಲ್ಲಿ ಯಾರೂ ಎತ್ತಲಿಲ್ಲ. ಹೆಣ್ಣು ಕೊಡುವವರು ಅದನ್ನು ಹೇಳುವುದುಂಟೇ? ಸಿಹಿಮೂತ್ರ ರಕ್ತದಲ್ಲಿ ಬರುತ್ತದೆ, ಮಗಳಿಗೂ ಬಂದೀತು ಎನ್ನುತ್ತಾರೆ. (ಬಂತು ಕೂಡ. ನನಗೆ ಈಗ ಅದೇ.) ಹೊರಡುವ ದಿನ ಅಜ್ಜಿಗೆ ಆಣೆಯಿಟ್ಟು ಹೇಳಿದೆ, ಕೇಳಿದರೂ ಹಿಟ್ಟು ಹಾಕಬೇಡ ಎಂದು. ಅಪ್ಪ ಗಾಡಿಯ ನೊಗ ಹಿಡಿದುಕೊಂಡು ನಿಂತಿದ್ದ.

"ಓಗ್ಬಾ ಅವ್ವ. ನೀನಿಲ್ದಿದ್ರೂ ಬಾಗ್ಲಾಕ್ಕೊಂಡು ಮೇಯ್ತೀನಿ, ಬುಡು" ಎಂದ. ನಗಿಸಲು ಆಡಿದ ಮಾತು. ನನಗೆ ನಗು ಬರಲಿಲ್ಲ.

ಗಂಡನ ಊರಿನಲ್ಲಿ ಕಾಲುವೆಯಿಲ್ಲ, ಎಲ್ಲ ಹೊಲವೇ. ಮಳೆ ಬಿದ್ದು ಹದಿನೈದು ದಿನಕ್ಕೆ ಎಲ್ಲಿ ಕಾಲಿಟ್ಟರೂ ಅಣ್ಣೆಸೊಪ್ಪು. ಕಳೆ ತೆಗೆಯುತ್ತ ಅದರ ಮೇಲೆ ಕೈ ಬಿದ್ದಾಗಲೆಲ್ಲ ನನಗೆ ಅಳು ಬರುತ್ತಿತ್ತು. ಅಲ್ಲಿ ಅಪ್ಪನಿಗೆ ಇಂದು ಯಾವ ಸೊಪ್ಪೋ, ಮಂಜುಗಣ್ಣಿನ ಅಜ್ಜಿ ಎಷ್ಟು ಚಿವುಟಿಯಾಳೋ, ಅವನು ಅಗಿದನೋ, ನುಂಗಿದನೋ. ಒಂದು ಮಂಕರಿ ಕುಯ್ದು ಕಳಿಸೋಣವೆಂದರೆ ಹಿರೋಡೆ ಒಂದು ದಿನದ ದಾರಿ, ಸೊಪ್ಪು ಬಾಡಿಹೋಗುತ್ತದೆ. ಕೆಲಸದ ಹೆಂಗಸರು ನನ್ನನ್ನು ನೋಡಿ, ಸೊಪ್ಪು ಕಂಡರೆ ಅಳುವ ಸೊಸೆ ಎಂದು ಆಡಿಕೊಳ್ಳುತ್ತಿದ್ದರು.

ನಮ್ಮತ್ತೆ ಕೆಟ್ಟವಳಲ್ಲ. ಈ ಮಾತನ್ನು ಒತ್ತಿ ಹೇಳುತ್ತೇನೆ. ಬಂದವರಿಗೆ ಬಡಿಸುವುದರಲ್ಲೇ ಅವಳ ಜೀವ. ಅವಳ ಮನೆಯಲ್ಲಿ ಉಂಡವರು ಸಾಕು ಸಾಕು ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಆ ಕೈಯ ಮೇಲೇ ಬಡಿಸುತ್ತಿದ್ದಳು. ಹೆಣ್ಣು ಕೊಟ್ಟ ಬೀಗರು ಮೊದಲ ಸಲ ಮನೆಗೆ ಬಂದರೆ ಕೇಳಬೇಕೆ?

ಆ ವರ್ಷದ ಗೌರಿ ಹಬ್ಬಕ್ಕೆ ಅಪ್ಪ ಬಾಗಿನ ತೆಗೆದುಕೊಂಡು ಬಂದ. ಬೆಳ್ಳೂರಿನವರೆಗೆ ಮೋಟಾರಿನಲ್ಲಿ ಬಂದು, ಅಲ್ಲಿಂದ ಊರಿಗೆ ನಡೆದಿದ್ದ. ಹೊಸ ಪಂಚೆ, ತಲೆಗೆ ಸುತ್ತಿದ ವಲ್ಲಿ, ಕಂಕುಳಲ್ಲಿ ಮೊರದ ಬಾಗಿನ. ನಾನು ಮುಖ ನೋಡುವ ಮೊದಲು ಕಾಲು ನೋಡಿದೆ. ಅವನಿಗೆ ಗೊತ್ತಾಯಿತು. ಎಕ್ಕಡ ಬಿಟ್ಟು ಬಲಗಾಲನ್ನು ಮುಂದಕ್ಕೆ ಚಾಚಿ ನಿಂತ. ಮಚ್ಚೆಯಷ್ಟು ಕಲೆ ಬಿಟ್ಟರೆ ಏನೂ ಇರಲಿಲ್ಲ.

ಒಳಗೆ ಹಬ್ಬದಡುಗೆ ನಡೆಯುತ್ತಿತ್ತು. ಒಬ್ಬಟ್ಟು, ಪಾಯಸ, ಅನ್ನ. ಹೇಳುವಂತಿಲ್ಲ, ಬಿಡುವಂತಿಲ್ಲ. ಮಧ್ಯಾಹ್ನದ ಎಲೆಯಲ್ಲಿ ಅಪ್ಪ ಒಂದು ಒಬ್ಬಟ್ಟು ಮುರಿದಂತೆ ಮಾಡಿ, ಹೊಟ್ಟೆ ಸರಿಯಿಲ್ಲವೆಂದು ಹೇಳಿ ಪಾರಾದ. ಅತ್ತೆಯ ಮುಖ ಸಣ್ಣದಾಯಿತು. ಹಸಿದ ಅಪ್ಪನನ್ನು ನೋಡಿ ನನಗೆ ಒಂದು ಬುದ್ಧಿ ಹೊಳೆಯಿತು. ಹಾಳು ಬುದ್ಧಿ. ಸಂಜೆ ಹಿತ್ತಲ ನೀರೊಲೆಯಲ್ಲಿ ಗುಟ್ಟಾಗಿ ಒಂದು ಪಾತ್ರೆ ಸೊಪ್ಪು ಬೇಯಿಸಿ, ಖಾರ ಬೆರೆಸಿ, ಕೊಟ್ಟಿಗೆಯಲ್ಲಿ ಇಟ್ಟೆ. ಎತ್ತು ನೋಡುವ ನೆಪದಲ್ಲಿ ಬಾ ಎಂದು ಅಪ್ಪನಿಗೆ ಸನ್ನೆ ಮಾಡಿದೆ. ಅವನು ಬಂದ. ಗೊಂತಿನ ಪಕ್ಕ ನಿಂತುಕೊಂಡೇ, ಪಾತ್ರೆಯನ್ನು ಎದೆಗವಚಿ ಹಿಡಿದು, ಗಬಗಬನೆ ತಿನ್ನತೊಡಗಿದ. "ನಿನ್ ಕೈ ಖಾರ ಉಂಡು ಯೋಸ್ ದಿನ ಆಗಿತ್ತು ಕಣವ್ವ" ಎಂದ.

ಆಗ ಅತ್ತೆ ಹುಲ್ಲು ಹಾಕಲು ಒಳಗೆ ಬಂದಳು.

ಏನು ಕಂಡಿರಬೇಕು ಅವಳಿಗೆ? ಒಳಗೆ ಪಡಸಾಲೆಯಲ್ಲಿ ನೂರು ಒಬ್ಬಟ್ಟು ಹರಡಿವೆ. ಹೆಣ್ಣು ಕೊಟ್ಟ ಬೀಗ ದನಗಳ ನಡುವೆ ನಿಂತು ಬರೀ ಬೆಂದ ಸೊಪ್ಪು ತಿನ್ನುತ್ತಿದ್ದಾನೆ. ಅವಳು ಕೂಗಾಡಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡಳು.

"ನಮ್ಮನೆ ಊಟ ಅಷ್ಟೊಂದು ಬ್ಯಾಡವಾಯ್ತಾ ಬೀಗ್ರೆ? ನಾನೇನ್ ತಪ್ ಮಾಡ್ದೆ?" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮಪ್ಪಂಗೆ ಕೊಟ್ಟಿಗೇಲಿ ಇಕ್ಕಿದ್ದು ಊರಿಗೆ ಗೊತ್ತಾದ್ರೆ ನಾನು ತಲೆಯೆತ್ತಿ ತಿರುಗ್ಲಾ?" ಎಂದು ಅಳತೊಡಗಿದಳು.

ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಕಾಯಿಲೆ ಅತ್ತೆ, ಪಥ್ಯ ಅತ್ತೆ ಎಂದು ಎರಡು ಮಾತು. ಆ ಜೋರು ಬಾಯಿ ಎಲ್ಲಿ ಸತ್ತಿತ್ತೋ. ಬಚ್ಚಿಟ್ಟು ಹೆಣ್ಣು ಕೊಟ್ಟರು ಎನ್ನುತ್ತಾರೆ, ನನ್ನನ್ನು ವಾಪಸು ಕಳಿಸುತ್ತಾರೆ ಎಂದು ಹೆದರಿದೆ. ಅಪ್ಪ ಪಾತ್ರೆಯನ್ನು ಕೆಳಗಿಟ್ಟು ಕೈಮುಗಿದ. "ನನ್ ಮಗ್ಳದೇನೂ ತಪ್ಪಿಲ್ಲ ತಾಯಿ. ನಂದೇ ಹಾಳು ಚಪಲ" ಎಂದ.

ಮಾರನೆಯ ದಿನ ಪಡಸಾಲೆಯಲ್ಲಿ ದಾಯಾದಿಗಳೆಲ್ಲ ಸೇರಿ ದೊಡ್ಡ ಪಂಕ್ತಿ. ಅಪ್ಪನಿಗೆ ನಡುವಿನ ಎಲೆ. ಬಡಿಸಲು ಅತ್ತೆ ನನ್ನನ್ನೇ ಕಳಿಸಿದಳು, ನಿಮ್ಮಪ್ಪನಿಗೆ ನೀನೇ ಬಡಿಸು, ಸಂಕೋಚ ಬಿಟ್ಟು ಉಣ್ಣಲಿ ಎಂದು. ಒಬ್ಬಟ್ಟಿನ ತಟ್ಟೆ ಹಿಡಿದು ಅವನ ಮುಂದೆ ಬಗ್ಗಿದೆ. ಅವನು ತಲೆಯೆತ್ತಲಿಲ್ಲ. ಒಂದನ್ನು ತುಪ್ಪದಲ್ಲಿ ಅದ್ದಿ ಮುಗಿಸಿದ. ಆಮೇಲೆ ಬಾಗಿಲ ಹಿಂದೆ ನಿಂತ ಅತ್ತೆಗೂ ಕೇಳುವಂತೆ, ಗಟ್ಟಿಯಾಗಿ,

"ಇನ್ನೊಂದ್ ಆಕವ್ವ. ಇಂಥ ಒಬ್ಬಟ್ಟು ನಾನು ಯಲ್ಲೂ ತಿಂದಿಲ್ಲ" ಎಂದ.

ಹಾಕಿದೆ. ಮತ್ತೆ ಕೇಳಿದ. ಮತ್ತೆ ಹಾಕಿದೆ. ಬಾಗಿಲ ಹಿಂದೆ ಅತ್ತೆಯ ಬಳೆ ಸದ್ದಾಯಿತು. ಸಂತೋಷಕ್ಕೆ ಕಣ್ಣೊರೆಸಿಕೊಂಡಳು ಎಂದು ಆಮೇಲೆ ನಾದಿನಿ ಹೇಳಿದಳು. ಪಂಕ್ತಿಯವರೆಲ್ಲ ನಕ್ಕು, ಬೀಗರು ಭಾರಿ ಊಟಗಾರರು ಎಂದರು. ನನ್ನ ಮಾನಕ್ಕಾಗಿ ಅವನು ನಾಲ್ಕು ತಿಂದ. ನಾಲ್ಕನ್ನೂ ಬಡಿಸಿದ ಕೈ ಇದೇ.

ಅಷ್ಟಕ್ಕೇ ಮುಗಿಯಲಿಲ್ಲ. ಒಂದು ಮನೆಯಲ್ಲಿ ಉಂಡ ಬೀಗರನ್ನು ದಾಯಾದಿಗಳ ಎಲ್ಲ ಮನೆಯವರೂ ಕರೆದು ಉಣ್ಣಿಸಬೇಕು. ಒಂದು ಮನೆ ಬಿಟ್ಟರೆ ಆ ಮನೆಗೆ ಅವಮಾನ. ಎಂಟು ದಿನ ಅಪ್ಪ ಮನೆಮನೆಗೆ ಹೋಗಿ ಉಂಡ. ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು ಕಾಲು ತೋರಿಸಿದ. "ನೋಡ್ದಾ? ಎಂಟ್ ದಿನ ಎಲ್ಲಾ ತಿಂದೆ. ಏನೂ ಆಗ್ನಿಲ್ಲ. ವಾಸಿಯಾಗೋಗದೆ ಬುಡವ್ವ." ಹಾಗೆ ಹೇಳುವಾಗ ಅವನ ಮುಖದಲ್ಲಿ ಮೊದಲಿನ ಗೆಲುವು ಬಂದಿತ್ತು. ಒಂದು ದಿನದ ಒಬ್ಬಟ್ಟಿನಿಂದ ಯಾರೂ ಸಾಯುವುದಿಲ್ಲ ಎಂದು ಪಟ್ಟಣದ ಡಾಕ್ಟರೇ ಆಮೇಲೆ ನನಗೆ ಸಮಾಧಾನ ಹೇಳಿದರು. ಅದು ನನಗೂ ಗೊತ್ತು. ಆದರೆ ಏನೂ ಆಗುವುದಿಲ್ಲ ಎನ್ನುವ ನಂಬಿಕೆ ಅಪ್ಪನ ತಲೆಗೆ ಹೊಕ್ಕಿದ್ದು ನನ್ನ ಗಂಡನ ಮನೆಯ ಪಡಸಾಲೆಯಲ್ಲಿ. ಊರಿಗೆ ಹೋದವನು ಬೋಗುಣಿಯನ್ನು ಪಕ್ಕಕ್ಕಿಟ್ಟ. ಬೀದಿಬಾಗಿಲು ತೆರೆದಿಟ್ಟುಕೊಂಡು, ಮತ್ತೆ ಹೊತ್ತಿಗೆ ಎರಡು ಮುದ್ದೆ ನುಂಗತೊಡಗಿದ. ಮಗ ಮತ್ತೆ ಗಂಡಸಿನಂತೆ ಉಣ್ಣುತ್ತಿದ್ದಾನೆ ಎಂದು ಅಜ್ಜಿಯೂ ಸುಮ್ಮನಿದ್ದಳು.

ಸಂಕ್ರಾಂತಿ ಕಳೆದು ಸುದ್ದಿ ಬಂತು. ಗಾಯ ಬಾಯಿ ತೆರೆದಿದೆ, ಅಪ್ಪನನ್ನು ಮೈಸೂರಿಗೆ ಒಯ್ದಿದ್ದಾರೆ. ನನ್ನ ಗಂಡ ಅಮ್ಮನನ್ನೂ ಕೇಳದೆ ಗಾಡಿ ಕಟ್ಟಿದ. ನಾನು ಹೋಗುವಷ್ಟರಲ್ಲಿ ಮೊಣಕಾಲಿನ ಕೆಳಗೆ ಕಾಲು ತೆಗೆದಿದ್ದರು. ಜ್ವರ ಬಿಟ್ಟಿರಲಿಲ್ಲ. ಆಸ್ಪತ್ರೆಯ ಹಿಂದೆ ಮೂರು ಕಲ್ಲು ಹೂಡಿ ಸೊಪ್ಪು ಬೇಯಿಸಿ ಬಟ್ಟಲಲ್ಲಿ ತೆಗೆದುಕೊಂಡು ಹೋದೆ. ಸುತ್ತ ಹತ್ತು ಮಂಚಗಳ ಜನ ನೋಡುತ್ತಿದ್ದರು. ಅಪ್ಪ ಗೋಡೆಗೆ ಒರಗಿ ಕೂತು ಅಗಿದ. ಮುಚ್ಚಿಡಲಿಲ್ಲ. ತುಂಬ ಹೊತ್ತು ಹಿಡಿಯಿತು. ಮುಗಿದ ಮೇಲೆ ಬಟ್ಟಲನ್ನು ಓರೆಮಾಡಿ ನನಗೆ ತೋರಿಸಿದ. "ಎಲ್ಲಾ ತಿಂದೆ ಕಣವ್ವ. ಅಳ್ಬ್ಯಾಡ" ಎಂದ. ಆಮೇಲೆ ಐದು ದಿನ ಇದ್ದ.

ಅತ್ತೆಗೆ ನಾನು ಎಲ್ಲವನ್ನೂ ಹೇಳಿದ್ದು ಅಪ್ಪನ ತಿಥಿ ಕಳೆದ ಮೇಲೆ. ಅವಳು ನನ್ನ ಎರಡೂ ಕೈ ಹಿಡಿದುಕೊಂಡು, "ಒಂದ್ ಮಾತು ಏಳ್ಬಾರ್ದಿತ್ತಾ ಕೂಸೇ? ನಾನೇ ಬೇಯಿಸಿ ಇಕ್ತಿದ್ನಲ್ಲೇ" ಎಂದಳು. ಕಳಿಸಿಬಿಡುತ್ತಾರೆ ಎಂದು ನಾನು ಹೆದರಿದ್ದೆನಲ್ಲ, ಹಾಗೆ ಮಾಡುವವಳೇ ಆಗಿರಲಿಲ್ಲ ಅವಳು. ಅದು ತಿಳಿದ ದಿನ ನಾನು ಅಪ್ಪ ಸತ್ತ ದಿನಕ್ಕಿಂತ ಹೆಚ್ಚು ಅತ್ತೆ.

ಅವಳು ಹೋಗಿ ಎಷ್ಟೋ ವರ್ಷವಾಯಿತು. ಈಗ ಈ ಮನೆಗೆ ನಾನೇ ಹಿರಿಯಳು. ಯಾರ ಎಲೆಗೆ ಏನು ಬಡಿಸಬೇಕೆಂದು ನಾನೇ ಹೇಳುತ್ತೇನೆ, ಎದುರು ಮಾತಾಡುವವರಿಲ್ಲ. ಪ್ರತಿ ಗೌರಿ ಹಬ್ಬದಲ್ಲೂ ಪಂಕ್ತಿ ಹಾಕಿದಾಗ ನನಗೆ ಒಂದೇ ಆಸೆ. ಅಪ್ಪ ಒಂದು ಸಲ ಬರಬೇಕು. ನಡುವಿನ ಎಲೆಯಲ್ಲಿ ಕೂರಬೇಕು. ಊರಿನವರೆಲ್ಲರ ಎದುರಿಗೆ ನಾನು ಅವನಿಗೆ ಬರೀ ಸೊಪ್ಪು ಬಡಿಸಬೇಕು.